ಕಾಲೇಜು ನೆಟ್‌ನಲ್ಲಿ ನಿಮ್ಮ ಕೋಟಾ ಎಲ್ಲಿಗೆ ಹೋಗುತ್ತಿದೆ? ಲೆಕ್ಕ ಇಡುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ತಿಂಗಳ ಕೊನೆ ಹತ್ತಿರ ಬಂದರೆ ಸಾಕು, ಲ್ಯಾಬ್ ಬಾಗಿಲಲ್ಲಿ ಒಂದೇ ಮಾತು: "ಸರ್, ನೆಟ್ ಖಾಲಿ ಆಗಿದೆ. ನಾನೇನೂ ನೋಡೇ ಇಲ್ಲ." ಮಂಡ್ಯದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ನಾನು ಈ ಮಾತನ್ನು ನಂಬುತ್ತೇನೆ. ಹೆಚ್ಚಿನ ಮಕ್ಕಳು ನಿಜವನ್ನೇ ಹೇಳುತ್ತಿರುತ್ತಾರೆ. ಅವರು ವಿಡಿಯೊ ನೋಡಿರುವುದಿಲ್ಲ. ಅವರ ಲ್ಯಾಪ್‌ಟಾಪ್ ರಾತ್ರಿಯೆಲ್ಲ ಅಪ್‌ಡೇಟ್ ಇಳಿಸಿಕೊಂಡಿರುತ್ತದೆ, ಫೋನ್ ಫೋಟೊಗಳನ್ನು ಮೇಲೆ ಕಳಿಸಿರುತ್ತದೆ, ಇಲ್ಲವೇ ಅವರು ಲಾಗೌಟ್ ಮಾಡದೆ ಎದ್ದುಹೋದ ಸಿಸ್ಟಂನಲ್ಲಿ ಬೇರೆ ಯಾರೋ ಕೂತಿರುತ್ತಾರೆ.

ಪಾಂಡವಪುರ, ಮದ್ದೂರು, ಕೆ.ಆರ್. ಪೇಟೆ ಕಡೆಯಿಂದ ದಿನಾ ಓಡಾಡುವ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಫೋನಿನ ದಿನದ ಡೇಟಾ ಬಿಟ್ಟರೆ ಬೇರೆ ನೆಟ್ ಇಲ್ಲ. ಯುಯುಸಿಎಂಎಸ್‌ನಲ್ಲಿ ಪರೀಕ್ಷೆ ಅರ್ಜಿ, ಎಸ್‌ಎಸ್‌ಪಿಯಲ್ಲಿ ಸ್ಕಾಲರ್‌ಶಿಪ್ ಅರ್ಜಿ, ಎನ್‌ಪಿಟೆಲ್ ಪಾಠ, ವಿಟಿಯು ರಿಸಲ್ಟ್, ಎಲ್ಲಕ್ಕೂ ಕಾಲೇಜಿನ ನೆಟ್ಟೇ ಆಧಾರ. ಅರ್ಜಿಯ ಕೊನೆಯ ದಿನ ಕೋಟಾ, ಅಂದರೆ ನಿಮಗೆ ಕೊಟ್ಟ ನೆಟ್ ಮಿತಿ, ಮುಗಿದರೆ ಆಗುವ ನಷ್ಟ ಬರೀ ಡೇಟಾದ್ದಲ್ಲ.

ಕೆಳಗೆ ಹೇಳಿರುವ ಕ್ರಮ ಮಾನಸಗಂಗೋತ್ರಿಯಲ್ಲಿ ಓದುವವರಿಗೂ ಆಗುತ್ತದೆ, ಮಂಡ್ಯದ ಹಾಸ್ಟೆಲ್‌ನಲ್ಲಿ ಇರುವವರಿಗೂ ಆಗುತ್ತದೆ, ಹೈಸ್ಕೂಲ್ ಲ್ಯಾಬ್‌ಗೂ ಆಗುತ್ತದೆ. ಇದರ ತಿರುಳು ಇಷ್ಟೇ: ಕಾಲೇಜಿನ ಲೆಕ್ಕ ಒಂದು, ನಿಮ್ಮ ಲೆಕ್ಕ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದನ್ನೇ ನೋಡುವವರಿಗೆ ಕೋಟಾ ಮುಗಿದದ್ದು ಗೊತ್ತಾಗುತ್ತದೆಯೇ ಹೊರತು, ಯಾಕೆ ಮುಗಿಯಿತು ಅನ್ನುವುದು ಗೊತ್ತಾಗುವುದಿಲ್ಲ.

1. ಮೊದಲು ನಿಯಮ ಕೇಳಿಕೊಳ್ಳಿ

ಕೋಟಾ ಅಂದರೆ ಎಲ್ಲ ಕಡೆ ಒಂದೇ ಅಲ್ಲ. ಕೆಲವು ಕಡೆ ಇಷ್ಟು ಜಿಬಿ ಅಂತ ಡೇಟಾ ಮಿತಿ ಇರುತ್ತದೆ, ಕೆಲವು ಕಡೆ ಇಷ್ಟು ಗಂಟೆ ಅಂತ ಸಮಯದ ಮಿತಿ. ಸಮಯದ ಮಿತಿ ಇದ್ದರೆ ನೀವು ಏನೂ ತೆರೆಯದೆ ಸುಮ್ನೆ ಲಾಗಿನ್ ಆಗಿ ಕೂತರೂ ಗಂಟೆ ಓಡುತ್ತಲೇ ಇರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ವಿಡಿಯೊ ಕ್ವಾಲಿಟಿ ಕಮ್ಮಿ ಮಾಡಿ ಉಳಿಸಲು ನೋಡುವವರಿದ್ದಾರೆ. ಸಮಯದ ಮಿತಿಯಲ್ಲಿ ಅದರಿಂದ ಏನೂ ಉಳಿಯುವುದಿಲ್ಲ.

ಲ್ಯಾಬ್‌ನವರನ್ನು ಅಥವಾ ಸಿಸ್ಟಂ ಅಡ್ಮಿನ್ ಅವರನ್ನು ಇಷ್ಟು ಕೇಳಿ: ಮಿತಿ ಡೇಟಾಗೋ ಸಮಯಕ್ಕೋ? ದಿನದ್ದೋ, ವಾರದ್ದೋ, ತಿಂಗಳದ್ದೋ? ಯಾವ ತಾರೀಖು, ಎಷ್ಟು ಗಂಟೆಗೆ ಹೊಸದಾಗಿ ಶುರು ಆಗುತ್ತದೆ? ಅಪ್‌ಲೋಡ್ ಕೂಡ ಲೆಕ್ಕಕ್ಕೆ ಬರುತ್ತದೆಯೇ? ಮುಗಿದ ಮೇಲೆ ನೆಟ್ ಪೂರ್ತಿ ನಿಲ್ಲುತ್ತದೆಯೇ, ಬರೀ ನಿಧಾನ ಆಗುತ್ತದೆಯೇ? ಒಂದು ಐಡಿಯಲ್ಲಿ ಒಮ್ಮೆಗೆ ಎಷ್ಟು ಸಾಧನ ಸೇರಿಸಬಹುದು? ರಾತ್ರಿ ಹೊತ್ತು ಲೆಕ್ಕಕ್ಕೆ ಹಿಡಿಯದ ಸಮಯ ಏನಾದರೂ ಇದೆಯೇ?

ಅಪ್‌ಲೋಡ್ ಪ್ರಶ್ನೆಯನ್ನು ಮರೆಯಬೇಡಿ. ಪ್ರಾಜೆಕ್ಟ್ ವಿಡಿಯೊ ಡ್ರೈವ್‌ಗೆ ಹಾಕುವವರು, ಫೋಟೊ ಬ್ಯಾಕಪ್ ಇಟ್ಟುಕೊಂಡವರು ಅಲ್ಲೇ ಜಾಸ್ತಿ ಕಳೆದುಕೊಳ್ಳುತ್ತಾರೆ. ಉತ್ತರಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

2. ಕಾಲೇಜಿನ ಲೆಕ್ಕ ನೋಡುವುದು

ಹೆಚ್ಚಿನ ಕಡೆ ನೆಟ್ ಸಿಗಬೇಕಾದರೆ ಮೊದಲು ಒಂದು ಲಾಗಿನ್ ಪುಟ ಬರುತ್ತದೆ. ಅಲ್ಲಿ ನಿಮ್ಮ ಯುಎಸ್‌ಎನ್ ಅಥವಾ ರಿಜಿಸ್ಟರ್ ನಂಬರ್, ಪಾಸ್‌ವರ್ಡ್ ಕೊಡುತ್ತೀರಿ. ಇದರ ಹಿಂದೆ ಒಂದು ಫೈರ್‌ವಾಲ್, ಅಂದರೆ ಹೊರಗಿನ ನೆಟ್‌ಗೆ ಹೋಗಿಬರುವ ಡೇಟಾವನ್ನು ಕಾಯುವ ವ್ಯವಸ್ಥೆ, ಇರುತ್ತದೆ. ಸೈಬರೋಮ್, ಸೋಫೋಸ್, ಪಿಎಫ್‌ಸೆನ್ಸ್ ಇಂಥ ಕೆಲಸಕ್ಕೆ ಬಳಸುವ ವ್ಯವಸ್ಥೆಗಳು. ನಿಮ್ಮ ಬಳಕೆಯ ಅಧಿಕೃತ ಲೆಕ್ಕ ಅಲ್ಲೇ ಇರುತ್ತದೆ. ಕೋಟಾ ಕತ್ತರಿಸುವುದೂ ಈ ಲೆಕ್ಕ ನೋಡಿಯೇ.

ಲಾಗಿನ್ ಆದ ಮೇಲೆ ಆ ಪುಟದಲ್ಲೇ ಮೈ ಅಕೌಂಟ್, ಯೂಸರ್ ಪೋರ್ಟಲ್ ಅಥವಾ ಇಂಟರ್ನೆಟ್ ಯೂಸೇಜ್ ಅನ್ನುವ ಕೊಂಡಿ ಇದೆಯೇ ನೋಡಿ. ಸೋಫೋಸ್‌ನಂಥ ವ್ಯವಸ್ಥೆಯಲ್ಲಿ ವಿದ್ಯಾರ್ಥಿಯೇ ತನ್ನ ಬಳಕೆಯನ್ನು ನೋಡುವ ಪುಟ ಇದೆ. ಕೊಂಡಿ ಕಾಣದಿದ್ದರೆ ಅಡ್ಮಿನ್ ಅದನ್ನು ತೆರೆದಿಡದೇ ಇರಬಹುದು. ಆಗ ಆ ಪುಟ ತೆರೆಯಿರಿ ಎಂದು ಕೇಳಿ. ಇದು ನ್ಯಾಯವಾದ ಬೇಡಿಕೆ. ಮಿತಿ ಹಾಕುವವರು ಉಳಿದದ್ದು ಎಷ್ಟು ಅಂತ ತೋರಿಸಲೂ ಬೇಕು, ಅಲ್ವಾ?

ಪುಟದ ವಿಳಾಸವನ್ನು ಬ್ರೌಸರ್‌ನಲ್ಲಿ ಬುಕ್‌ಮಾರ್ಕ್ ಮಾಡಿಕೊಳ್ಳಿ. ಅದು ಸಾಮಾನ್ಯವಾಗಿ 10, 172 ಅಥವಾ 192ರಿಂದ ಶುರುವಾಗುವ ಅಂಕಿಗಳ ವಿಳಾಸ, ಕ್ಯಾಂಪಸ್ ಒಳಗೆ ಮಾತ್ರ ತೆರೆಯುತ್ತದೆ. ಫೋನಿನಲ್ಲಿ ಲಾಗಿನ್ ಪುಟ ತಾನಾಗಿ ಬರದಿದ್ದರೆ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಮೇಲೆ 'ಸೈನ್ ಇನ್' ಅನ್ನುವ ಸೂಚನೆ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಾದರೆ ಎಚ್‌ಟಿಟಿಪಿಎಸ್ ಇರುವ ಸೈಟ್ ಬದಲು ಎಸ್ ಇಲ್ಲದ, ಬರೀ ಎಚ್‌ಟಿಟಿಪಿ ವಿಳಾಸದ ಸೈಟ್ ಒಂದನ್ನು ತೆರೆಯಿರಿ. ಎಚ್‌ಟಿಟಿಪಿಎಸ್ ಸೈಟನ್ನು ಮಧ್ಯದಲ್ಲಿ ತಡೆದು ಲಾಗಿನ್ ಪುಟ ತೋರಿಸಲು ಹೋದರೆ ಬ್ರೌಸರ್ ಒಪ್ಪುವುದಿಲ್ಲ, ಎಚ್ಚರಿಕೆ ಕೊಟ್ಟು ನಿಲ್ಲಿಸುತ್ತದೆ.

ಪೋರ್ಟಲ್ ಅಂಕಿ ಆ ಕ್ಷಣದ್ದೇ ಆಗಿರಬೇಕೆಂದಿಲ್ಲ. ಬಳಕೆಯ ಲೆಕ್ಕ ಇಡಲು ಎಷ್ಟೋ ಕಡೆ ರೇಡಿಯಸ್ ಅನ್ನುವ ಪದ್ಧತಿ ಬಳಸುತ್ತಾರೆ. ಅದರಲ್ಲಿ ನಿಮ್ಮ ಬಳಕೆಯ ವರದಿ ಸರ್ವರ್‌ಗೆ ಹೋಗುವುದು ಲಾಗೌಟ್ ಆದಾಗ, ಅಥವಾ ಅಡ್ಮಿನ್ ನಿಗದಿ ಮಾಡಿದ ನಿಮಿಷಗಳಿಗೊಮ್ಮೆ. ಹಾಗಾಗಿ ಈಗ ನೋಡಿದ ಪಾಠ ಸ್ವಲ್ಪ ಹೊತ್ತು ಬಿಟ್ಟು ಲೆಕ್ಕದಲ್ಲಿ ಕಾಣಬಹುದು. ಒಂದು ಜಿಬಿ ಉಳಿದಿದೆ ಅಂತ ತೋರಿಸಿ ತಟ್ಟನೆ ನೆಟ್ ನಿಂತರೆ ಕಾರಣ ಇದೇ ಇರಬಹುದು. ಸರಿಯಾದ ಅಂಕಿ ಬೇಕಾದಾಗ ಲಾಗೌಟ್ ಮಾಡಿ, ಮತ್ತೆ ಲಾಗಿನ್ ಆಗಿ ನೋಡಿ.

ಲ್ಯಾಬ್ ನೋಡಿಕೊಳ್ಳುವ ನನ್ನಂಥವರಿಗೂ ಒಂದು ಮಾತು. ರೇಡಿಯಸ್ ಲೆಕ್ಕದ ವಿವರ ಇರುವುದು 2000ದ ಆರ್‌ಎಫ್‌ಸಿ 2866 ಅನ್ನುವ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ. ಅದರ ಎಣಿಕೆಗೆ 32 ಬಿಟ್ ಜಾಗ ಮಾತ್ರ ಇದೆ. ಒಂದೇ ಸೆಷನ್‌ನಲ್ಲಿ, ಅಂದರೆ ಲಾಗಿನ್‌ನಿಂದ ಲಾಗೌಟ್‌ವರೆಗೆ, 4 ಜಿಬಿ ದಾಟಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಎಷ್ಟು ಸಲ ಸೊನ್ನೆಗೆ ಬಂತು ಅಂತ ಹೇಳಲು ಗಿಗಾವರ್ಡ್ಸ್ ಅನ್ನುವ ಇನ್ನೊಂದು ಎಣಿಕೆ ಇದೆ. ನಿಮ್ಮ ಸಾಫ್ಟ್‌ವೇರ್ ಅದನ್ನು ಓದುತ್ತಿದೆಯೇ ಅಂತ ಒಮ್ಮೆ ಪರೀಕ್ಷಿಸಿ. ಓದದಿದ್ದರೆ ದೊಡ್ಡ ಸೆಷನ್‌ಗಳ ಲೆಕ್ಕವೆಲ್ಲ ತಪ್ಪು.

3. ನಿಮ್ಮ ಸಾಧನದ ಲೆಕ್ಕ

ವಿಂಡೋಸ್ 11: ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಆಂಡ್ ಇಂಟರ್ನೆಟ್, ಅಲ್ಲಿಂದ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಆಮೇಲೆ ಡೇಟಾ ಯೂಸೇಜ್. ವಿಂಡೋಸ್ 10ರಲ್ಲಿ ಡೇಟಾ ಯೂಸೇಜ್ ನೇರವಾಗಿ ನೆಟ್‌ವರ್ಕ್ ಪುಟದಲ್ಲೇ ಸಿಗುತ್ತದೆ. ಮೇಲೆ ವೈಫೈ ಅಥವಾ ಈಥರ್ನೆಟ್ ಆರಿಸಿಕೊಳ್ಳಿ. ಕಳೆದ 30 ದಿನದಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಅನ್ನುವ ಪಟ್ಟಿ ಬರುತ್ತದೆ. ಗಮನಿಸಿ, ಅದು 30 ದಿನದ ಲೆಕ್ಕ, ಕಾಲೇಜಿನದು ಒಂದನೇ ತಾರೀಖಿನಿಂದ ಇರಬಹುದು. ಎರಡನ್ನೂ ಹೊಂದಿಸಲು 'ಎಂಟರ್ ಲಿಮಿಟ್' ಒತ್ತಿ, ಮಿತಿಯ ಬಗೆ ಮಂತ್ಲಿ ಅಂತ ಆರಿಸಿ, ಕಾಲೇಜಿನ ಕೋಟಾ ಹೊಸದಾಗುವ ತಾರೀಖನ್ನೇ ಇಲ್ಲೂ ಕೊಡಿ. ಮಿತಿಯ ಅಂಕಿಯನ್ನು ಕಾಲೇಜಿನ ಕೋಟಾಗಿಂತ ಸ್ವಲ್ಪ ಕಮ್ಮಿ ಇಡಿ. ಮಿತಿ ಹತ್ತಿರ ಬಂದಾಗ ವಿಂಡೋಸ್ ತಾನೇ ತಿಳಿಸುತ್ತದೆ.

ಆಂಡ್ರಾಯ್ಡ್: ಸೆಟ್ಟಿಂಗ್ಸ್, ನೆಟ್‌ವರ್ಕ್ ಆಂಡ್ ಇಂಟರ್ನೆಟ್, ಇಂಟರ್ನೆಟ್. ಅಲ್ಲಿ ವೈಫೈ ಡೇಟಾ ಯೂಸೇಜ್ ಅಥವಾ ನಾನ್-ಕ್ಯಾರಿಯರ್ ಡೇಟಾ ಯೂಸೇಜ್ ಅಂತ ಇರುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್ ಒಳಗೆ ಡೇಟಾ ಯೂಸೇಜ್. ಇದು ಎಲ್ಲ ವೈಫೈಗಳನ್ನೂ ಕೂಡಿಸಿ ತೋರಿಸುವ ಲೆಕ್ಕ. ಭಾನುವಾರ ಊರಿಗೆ ಹೋಗಿ ಮಾಮನ ಮನೆಯ ವೈಫೈ ಬಳಸಿದ್ದರೆ ಅದೂ ಇದರಲ್ಲೇ ಸೇರಿರುತ್ತದೆ.

ಐಫೋನ್ ವೈಫೈ ಬಳಕೆಯನ್ನು ಆ್ಯಪ್‌ವಾರು ತೋರಿಸುವುದಿಲ್ಲ, ಮೊಬೈಲ್ ಡೇಟಾ ಮಾತ್ರ ತೋರಿಸುತ್ತದೆ. ಐಫೋನ್ ಇರುವವರು ಪೋರ್ಟಲ್ ಅಂಕಿಯನ್ನೇ ನಂಬಿಕೊಳ್ಳಬೇಕು.

ಉಬುಂಟು ಬಳಸುವವರಿಗೆ ವಿಎನ್‌ಸ್ಟ್ಯಾಟ್ ಅನ್ನುವ ಚಿಕ್ಕ ಪ್ರೋಗ್ರಾಂ ಸಾಕು. ಇನ್‌ಸ್ಟಾಲ್ ಮಾಡಿದ ದಿನದಿಂದ ದಿನವಾರು, ತಿಂಗಳವಾರು ಲೆಕ್ಕ ಇಟ್ಟುಕೊಂಡು ಹೋಗುತ್ತದೆ. ಯಾವ ಪ್ರೋಗ್ರಾಂ ಈಗ ಎಳೆಯುತ್ತಿದೆ ಅಂತ ನೋಡಲು ನೆಟ್‌ಹಾಗ್ಸ್ ಇದೆ. ಎರಡೂ ಉಚಿತ.

ಲ್ಯಾಬ್‌ನ ಸಿಸ್ಟಂ ಹತ್ತಾರು ಜನ ಬಳಸುವಂಥದ್ದು, ಅದರ ತಿಂಗಳ ಲೆಕ್ಕದಿಂದ ನಿಮಗೆ ಉಪಯೋಗವಿಲ್ಲ. ಅಲ್ಲಿ ಕಂಟ್ರೋಲ್ ಪ್ಯಾನೆಲ್‌ನ ನೆಟ್‌ವರ್ಕ್ ಕನೆಕ್ಷನ್ಸ್‌ಗೆ ಹೋಗಿ ಈಥರ್ನೆಟ್ ಮೇಲೆ ಎರಡು ಸಲ ಒತ್ತಿ. ಸೆಂಟ್, ರಿಸೀವ್ಡ್ ಅಂತ ಎರಡು ಅಂಕಿ ಕಾಣುತ್ತದೆ. ಕೂತಾಗ ಒಮ್ಮೆ, ಏಳುವಾಗ ಒಮ್ಮೆ ಬರೆದುಕೊಂಡು ಕಳೆದರೆ ಆ ಹೊತ್ತಿನ ಬಳಕೆ ಸಿಗುತ್ತದೆ. ಅವು ಬೈಟ್‌ನಲ್ಲಿ ಇರುತ್ತವೆ. ಕೊನೆಯ ಆರು ಅಂಕಿ ಬಿಟ್ಟರೆ ಸುಮಾರಾಗಿ ಎಂಬಿ.

4. ಎರಡೂ ಲೆಕ್ಕ ಎದುರುಬದುರು ಇಡುವುದು

ಈ ಹೆಜ್ಜೆಗೆ ಬೇಕಾದಷ್ಟು ಸಮಯ ಕೊಡಿ. ಮಂಡ್ಯದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ: ನಾಲೆಯ ತೂಬಿನಲ್ಲಿ ಬಿಟ್ಟ ನೀರೆಷ್ಟು, ಗದ್ದೆಗೆ ಬಂದದ್ದೆಷ್ಟು ಅಂತ ನೋಡಿದರೆ ಮಧ್ಯದಲ್ಲಿ ಸೋರಿದ್ದು ತಾನಾಗಿ ಗೊತ್ತಾಗುತ್ತದೆ. ಪೋರ್ಟಲ್ ತೂಬು, ನಿಮ್ಮ ಸಾಧನ ಗದ್ದೆ.

ಒಂದು ವಾರ ಮಾತ್ರ ಬರೆದಿಡಿ. ಸೋಮವಾರ ಬೆಳಗ್ಗೆ ಪೋರ್ಟಲ್ ಅಂಕಿ, ಲ್ಯಾಪ್‌ಟಾಪ್ ಅಂಕಿ, ಫೋನ್ ಅಂಕಿ. ಮುಂದಿನ ಸೋಮವಾರ ಅದೇ ಹೊತ್ತಿಗೆ ಮತ್ತೆ ಮೂರೂ. ಲ್ಯಾಬ್‌ನಲ್ಲಿ ಕೂತ ದಿನಗಳದ್ದು ಬೇರೆ.

ಉದಾಹರಣೆಗೆ, ವಾರದಲ್ಲಿ ಪೋರ್ಟಲ್ ಪ್ರಕಾರ ನಿಮ್ಮ ಬಳಕೆ 4.8 ಜಿಬಿ ಅಂತ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ 2.6, ಫೋನ್ 0.9, ಲ್ಯಾಬ್ 0.3 ಹೇಳುತ್ತಿವೆ. ಒಟ್ಟು 3.8. ಒಂದು ಜಿಬಿ ಎಲ್ಲಿ ಹೋಯಿತು?

ಗಾಬರಿಯಾಗಬೇಡಿ. ಸ್ವಲ್ಪ ಭಾಗ ಅಳತೆಯದ್ದೇ ಇರಬಹುದು. ವಿಂಡೋಸ್ 1024 ಎಂಬಿಯನ್ನು ಒಂದು ಜಿಬಿ ಅನ್ನುತ್ತದೆ. ನಿಮ್ಮ ಪೋರ್ಟಲ್ 1000ದ ಲೆಕ್ಕ ಹಿಡಿಯುತ್ತಿದ್ದರೆ ಜಿಬಿ ಮಟ್ಟದಲ್ಲಿ ಸುಮಾರು 7 ಪರ್ಸೆಂಟ್ ವ್ಯತ್ಯಾಸ ಬರುತ್ತದೆ. ಲ್ಯಾಪ್‌ಟಾಪ್‌ನ 2.6 ಆಗ ಪೋರ್ಟಲ್‌ನಲ್ಲಿ 2.8. ಇನ್ನೂ 0.8 ಜಿಬಿಗೆ ಲೆಕ್ಕ ಸಿಗಬೇಕು. ಅದು ನಿಜವಾದ ಸೋರಿಕೆ.

ಉಲ್ಟಾ ಕೂಡ ಆಗಬಹುದು. ಸಾಧನದ ಅಂಕಿ ಪೋರ್ಟಲ್‌ಗಿಂತ ಜಾಸ್ತಿ ಬಂದರೆ ಚಿಂತೆ ಇಲ್ಲ. ಡಿಪಾರ್ಟ್‌ಮೆಂಟ್ ಸರ್ವರ್‌ನಿಂದ ಫೈಲ್ ಕಾಪಿ ಮಾಡಿದ್ದು, ಪ್ರಿಂಟ್ ಕೊಟ್ಟದ್ದು ಲ್ಯಾಪ್‌ಟಾಪ್ ಲೆಕ್ಕಕ್ಕೆ ಬರುತ್ತದೆ. ಆದರೆ ಅದು ಕ್ಯಾಂಪಸ್ ಒಳಗೇ ಓಡಾಡುವುದರಿಂದ ಸಾಮಾನ್ಯವಾಗಿ ಫೈರ್‌ವಾಲ್ ದಾಟುವುದಿಲ್ಲ, ಕೋಟಾ ಕತ್ತರಿಸುವುದಿಲ್ಲ. ಎನ್‌ಪಿಟೆಲ್ ಪಾಠಗಳನ್ನು ಒಮ್ಮೆ ಇಳಿಸಿ ಲ್ಯಾಬ್ ಸರ್ವರ್‌ನಲ್ಲಿ ಇಟ್ಟರೆ ಇಡೀ ತರಗತಿಯ ಕೋಟಾ ಉಳಿಯುವುದು ಇದೇ ಕಾರಣಕ್ಕೆ. ನಿಮ್ಮ ಮೇಷ್ಟ್ರನ್ನು ಕೇಳಿ ನೋಡಿ.

ಸೋರಿಕೆ ಹಿಡಿಯಲು ಹೀಗೆ ಮಾಡಿ. ಎಲ್ಲ ಸಾಧನಗಳಿಂದ ಲಾಗೌಟ್ ಆಗಿ. ಪೋರ್ಟಲ್ ಅಂಕಿ ಬರೆದುಕೊಂಡು ಅರ್ಧ ಗಂಟೆ ಏನೂ ಮಾಡಬೇಡಿ. ಮತ್ತೆ ನೋಡಿದಾಗ ಅಂಕಿ ಏರಿದ್ದರೆ ನಿಮ್ಮ ಐಡಿ ಬೇರೆಲ್ಲೋ ತೆರೆದಿದೆ. ನಾನು ಕಂಡಂತೆ ಲ್ಯಾಬ್‌ನಲ್ಲಿ ಲಾಗೌಟ್ ಮರೆತದ್ದೇ ಇದರ ದೊಡ್ಡ ಕಾರಣ. ಬ್ರೌಸರ್ ಮುಚ್ಚಿದರೆ ಸೆಷನ್ ಮುಗಿಯುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಎಷ್ಟೋ ವ್ಯವಸ್ಥೆಗಳಲ್ಲಿ ಸೆಷನ್ ಅಂಟಿಕೊಂಡಿರುವುದು ಆ ಸಿಸ್ಟಂನ ಐಪಿ ವಿಳಾಸಕ್ಕೆ, ಅಂದರೆ ನೆಟ್‌ವರ್ಕ್‌ನಲ್ಲಿ ಅದಕ್ಕಿರುವ ಅಂಕಿಗಳ ವಿಳಾಸಕ್ಕೆ. ಸಂಜೆ ಮೈಸೂರು ರೈಲು ಹಿಡಿಯಲು ನೀವು ಓಡಿದ ಮೇಲೆ ಅಲ್ಲಿ ಕೂತವರು ನೋಡಿದ್ದೆಲ್ಲ ನಿಮ್ಮ ಲೆಕ್ಕಕ್ಕೇ ಬೀಳುತ್ತದೆ.

ಪಾಸ್‌ವರ್ಡ್ ಬದಲಿಸಿ. ಹಳೆಯ ಸೆಷನ್ ಅದರಿಂದ ತಾನಾಗಿ ಕಡಿಯದೇ ಇರಬಹುದು. ನನ್ನ ಐಡಿಯ ಎಲ್ಲ ಸೆಷನ್ ಕಡಿದು ಕೊಡಿ ಅಂತ ಅಡ್ಮಿನ್‌ಗೆ ಹೇಳಿ. ಆಮೇಲೆ ಅದೇ ಅರ್ಧ ಗಂಟೆಯ ಪರೀಕ್ಷೆ ಮತ್ತೆ ಮಾಡಿ.

ಅಂಕಿ ಏರದಿದ್ದರೆ ಸೋರಿಕೆ ನಿಮ್ಮ ಸಾಧನದಲ್ಲೇ ಇರಬಹುದು. ಬರೀ ಲ್ಯಾಪ್‌ಟಾಪ್ ಒಂದರಿಂದ ಲಾಗಿನ್ ಆಗಿ, ಎಲ್ಲ ಕಿಟಕಿ ಮುಚ್ಚಿ, ಅರ್ಧ ಗಂಟೆ ಬಿಡಿ. ಆಗ ಬಂದ ಅಂಕಿ ನೀವು ಮುಟ್ಟದೇ ಲ್ಯಾಪ್‌ಟಾಪ್ ತಿನ್ನುವುದು. ಫೋನಿಗೂ ಹೀಗೇ ಮಾಡಿ. ಕೊನೆಗೆ ಅಳತೆ ಗೊತ್ತಿರುವ ಒಂದು ಫೈಲ್ ಇಳಿಸಿ. ಸರ್ಕಾರದ ಪಠ್ಯಪುಸ್ತಕದ ಪಿಡಿಎಫ್ ಆದರೂ ಸಾಕು. ಲಾಗೌಟ್ ಮಾಡಿ ಒಳಗೆ ಬಂದು ಪೋರ್ಟಲ್ ನೋಡಿ. ಫೈಲಿನ ಅಳತೆಗೆ ಹತ್ತಿರ ಏರಿದ್ದರೆ ಕಾಲೇಜಿನ ಮೀಟರ್ ಸರಿ ಇದೆ. ಎರಡರಷ್ಟು ಏರಿದ್ದರೆ ಆ ಅಂಕಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ, ಏಳನೇ ಹೆಜ್ಜೆಯಲ್ಲಿ ಬೇಕಾಗುತ್ತದೆ.

5. ತಿನ್ನುವವರ ಕೈ ಕಟ್ಟುವುದು

ಕಂಪನಿಗಳು ವೈಫೈ ಅಂದರೆ ಮಿತಿ ಇಲ್ಲದ್ದು ಅಂತ ನಂಬಿ ಎಲ್ಲವನ್ನೂ ಮಾಡಿಟ್ಟಿವೆ. ನಿಮ್ಮ ಕಾಲೇಜಿನ ವೈಫೈಗೆ ಮಿತಿ ಇದೆ ಅಂತ ಸಾಧನಕ್ಕೆ ನೀವೇ ಹೇಳಬೇಕು. ವಿಂಡೋಸ್‌ನಲ್ಲಿ ಕಾಲೇಜು ವೈಫೈನ ಪ್ರಾಪರ್ಟೀಸ್‌ಗೆ ಹೋಗಿ 'ಮೀಟರ್ಡ್ ಕನೆಕ್ಷನ್' ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಆ ವೈಫೈ ಪಕ್ಕದ ಗಿಯರ್ ಗುರುತು ಒತ್ತಿ ನೆಟ್‌ವರ್ಕ್ ಯೂಸೇಜ್‌ನಲ್ಲಿ 'ಟ್ರೀಟ್ ಆ್ಯಸ್ ಮೀಟರ್ಡ್' ಆರಿಸಿ. ಐಫೋನ್‌ನಲ್ಲಿ ಆ ವೈಫೈಗೆ 'ಲೋ ಡೇಟಾ ಮೋಡ್' ಹಾಕಿ. ಈ ಒಂದೇ ಬದಲಾವಣೆ ಅರ್ಧ ಕೆಲಸ ಮುಗಿಸುತ್ತದೆ.

ಉಳಿದದ್ದು ಬೇಗ ಆಗುತ್ತದೆ. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಡೆಲಿವರಿ ಆಪ್ಟಿಮೈಸೇಷನ್ ಅಂತ ಇದೆ. ಅದು ನೀವು ಇಳಿಸಿದ ಅಪ್‌ಡೇಟನ್ನು ಬೇರೆ ಕಂಪ್ಯೂಟರ್‌ಗಳಿಗೆ ಕಳಿಸಬಲ್ಲದು. ಇಂಟರ್ನೆಟ್‌ನಲ್ಲಿರುವ ಸಾಧನಗಳೂ ಅದರಲ್ಲಿ ಸೇರಿದ್ದರೆ ನಿಮ್ಮ ಅಪ್‌ಲೋಡ್ ಹೋಗುತ್ತದೆ. ಆಫ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಸ್ಟೋರೇಜ್ ಆಂಡ್ ಡೇಟಾಗೆ ಹೋಗಿ, ವೈಫೈನಲ್ಲಿ ತಾನಾಗಿ ಇಳಿಯುವ ಫೋಟೊ, ವಿಡಿಯೊ, ಆಡಿಯೊ, ಡಾಕ್ಯುಮೆಂಟ್ ನಾಲ್ಕರ ಗುರುತೂ ತೆಗೆಯಿರಿ. ಕ್ಲಾಸ್ ಗ್ರೂಪ್, ನೆಂಟರ ಗ್ರೂಪ್, ಊರ ಹಬ್ಬದ ಗ್ರೂಪ್ ಎಲ್ಲ ಸೇರಿದರೆ ಅದೇ ದೊಡ್ಡ ಮೊತ್ತ. ಪ್ಲೇ ಸ್ಟೋರ್‌ನ ಆಟೊ ಅಪ್‌ಡೇಟ್ ನಿಲ್ಲಿಸಿ. ಗೂಗಲ್ ಫೋಟೋಸ್ ಬ್ಯಾಕಪ್ ಕಾಲೇಜಿನಲ್ಲಿ ಇರುವಷ್ಟು ದಿನ ಬೇಡ. ಒನ್‌ಡ್ರೈವ್ ಸಿಂಕ್ ತಾತ್ಕಾಲಿಕವಾಗಿ ನಿಲ್ಲಿಸಿ.

ಸೆಕ್ಯುರಿಟಿ ಅಪ್‌ಡೇಟ್‌ಗಳನ್ನು ಮಾತ್ರ ಪೂರ್ತಿ ನಿಲ್ಲಿಸಬೇಡಿ. ಕೋಟಾ ಹೊಸದಾದ ದಿನ, ಅಥವಾ ಲೆಕ್ಕಕ್ಕೆ ಹಿಡಿಯದ ರಾತ್ರಿ ಹೊತ್ತಿನಲ್ಲಿ, ನೀವೇ ಕೂತು ಮಾಡಿಸಿ.

ವಿಪಿಎನ್ ಹಾಕಿದರೆ ಕೋಟಾ ಉಳಿಯುತ್ತದೆ ಅನ್ನುವುದು ಸುಳ್ಳು. ವಿಪಿಎನ್ ಮೂಲಕ ಹೋದ ಡೇಟಾ ಕೂಡ ಅದೇ ಫೈರ್‌ವಾಲ್ ದಾಟಬೇಕು, ಸ್ವಲ್ಪ ಜಾಸ್ತಿಯೇ ಆಗುತ್ತದೆ. ಇನ್‌ಕಾಗ್ನಿಟೊ ಕಿಟಕಿಯಿಂದಲೂ ಲೆಕ್ಕ ಬದಲಾಗುವುದಿಲ್ಲ.

6. ಉಳಿದ ಕೋಟಾವನ್ನು ಹಂಚಿಕೊಳ್ಳುವುದು

ಒಂದು ಅಂಕಿ ಬಾಯಿಪಾಠ ಮಾಡಿ: ಒಂದು ಎಂಬಿಪಿಎಸ್ ವೇಗದಲ್ಲಿ ಒಂದು ಗಂಟೆ ಓಡಿದರೆ 450 ಎಂಬಿ. ಎಂಬಿಪಿಎಸ್ ಅನ್ನುವುದು ಬಿಟ್ ಲೆಕ್ಕ, 8 ಬಿಟ್ ಸೇರಿದರೆ ಒಂದು ಬೈಟ್. 3600 ಸೆಕೆಂಡನ್ನು 8ರಿಂದ ಭಾಗಿಸಿದರೆ 450. ಯೂಟ್ಯೂಬ್ ವಿಡಿಯೊ ಒಂದು ಸರಾಸರಿ ಒಂದು ಎಂಬಿಪಿಎಸ್ ಎಳೆಯುತ್ತಿದ್ದರೆ 2 ಜಿಬಿಯಲ್ಲಿ ನಾಲ್ಕು ಗಂಟೆಗಿಂತ ಸ್ವಲ್ಪ ಜಾಸ್ತಿ ಪಾಠ ನೋಡಬಹುದು. ಕ್ವಾಲಿಟಿ ಏರಿಸಿ 5 ಎಂಬಿಪಿಎಸ್ ಆದರೆ ಒಂದು ಗಂಟೆಯ ಒಳಗೇ ಅದು ಮುಗಿಯುತ್ತದೆ. ಕರಿಹಲಗೆ ಮೇಲೆ ಬರೆಯುವ ಪಾಠಕ್ಕೆ 360ಪಿ ಅಥವಾ 480ಪಿ ಸಾಕು, ಅಕ್ಷರ ಓದಲು ಆಗುತ್ತದೆ. ಮತ್ತೆ ಮತ್ತೆ ನೋಡಬೇಕಾದ ಪಾಠವನ್ನು ಎನ್‌ಪಿಟೆಲ್ ಸೈಟಿನಿಂದ ಒಮ್ಮೆ ಇಳಿಸಿಟ್ಟುಕೊಳ್ಳಿ.

ತಿಂಗಳ ಕೋಟಾ ಇದ್ದರೆ ಕಾಲು ಭಾಗವನ್ನು ಮುಟ್ಟದೆ ಕೊನೆಯ ವಾರಕ್ಕೆ ಇಡಿ. ಅರ್ಜಿ, ರಿಸಲ್ಟ್, ಹಾಲ್ ಟಿಕೆಟ್ ಎಲ್ಲ ತಿಳಿಸದೆ ಬರುತ್ತವೆ. ಆ ಪುಟಗಳಿಗೆ ಡೇಟಾ ಕಮ್ಮಿಯೇ ಬೇಕು, ಆದರೆ ಸೊನ್ನೆ ಉಳಿದಿದ್ದರೆ ಪುಟ ತೆರೆಯುವುದೇ ಇಲ್ಲ.

ಕೋಟಾ ಮುಗಿಯಿತು ಅಂತ ಗೆಳೆಯರ ಐಡಿ ಕೇಳಬೇಡಿ, ನಿಮ್ಮದನ್ನೂ ಕೊಡಬೇಡಿ. ಆ ಐಡಿಯಿಂದ ಆದದ್ದಕ್ಕೆಲ್ಲ ಮೊದಲು ಉತ್ತರ ಕೊಡಬೇಕಾದವರು ಐಡಿ ಯಾರ ಹೆಸರಲ್ಲಿದೆಯೋ ಅವರು. ಗೊತ್ತಿಲ್ಲದಂತೆ ಕದ್ದ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಅದು ಐಟಿ ಕಾಯ್ದೆಯ 66ಸಿ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

7. ಲೆಕ್ಕ ತಪ್ಪಿದ್ದರೆ ಕೇಳುವುದು

ನಾಲ್ಕನೇ ಹೆಜ್ಜೆಯ ಅಂಕಿಗಳು ಕೈಯಲ್ಲಿದ್ದರೆ ಮಾತ್ರ ದೂರು ಕೊಡಿ. "ನೆಟ್ ಬೇಗ ಖಾಲಿ ಆಗುತ್ತಿದೆ ಸರ್" ಅಂದರೆ ಯಾರೂ ಏನೂ ಮಾಡಲಾಗುವುದಿಲ್ಲ. ತಾರೀಖು, ಗಂಟೆ, ಪೋರ್ಟಲ್ ಅಂಕಿ, ಸಾಧನದ ಅಂಕಿ ಇದ್ದರೆ ಅಡ್ಮಿನ್ ಅದೇ ಹೊತ್ತಿನ ಲಾಗ್ ತೆಗೆದು ನೋಡಬಹುದು. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸಂಸ್ಥೆಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು ಅಂತ ಇದೆ. ಹಾಗಾಗಿ ಹೋದ ತಿಂಗಳ ಲೆಕ್ಕ ಕೇಳಲೂ ಹಿಂಜರಿಯಬೇಡಿ.

ಬರೆಯುವಾಗ ಇಷ್ಟು ಸಾಕು:

"ಮಾನ್ಯರೇ, ನನ್ನ ಯುಎಸ್‌ಎನ್ ಇಂಥದ್ದು. ಇಂಥ ತಾರೀಖು ಸಂಜೆ 6ರಿಂದ 6.30ರವರೆಗೆ ಎಲ್ಲ ಸಾಧನಗಳಿಂದ ಲಾಗೌಟ್ ಆಗಿದ್ದೆ. ಆ ಅರ್ಧ ಗಂಟೆಯಲ್ಲಿ ನನ್ನ ಲೆಕ್ಕದಲ್ಲಿ ಇಷ್ಟು ಎಂಬಿ ಏರಿದೆ. ಆ ಹೊತ್ತಿಗೆ ನನ್ನ ಐಡಿ ಯಾವ ಐಪಿ ವಿಳಾಸದಲ್ಲಿ, ಯಾವ ಸಾಧನದಲ್ಲಿ ತೆರೆದಿತ್ತು ಎಂದು ದಯವಿಟ್ಟು ತಿಳಿಸಿ. ಹಳೆಯ ಸೆಷನ್‌ಗಳನ್ನು ಕಡಿದು, ತಪ್ಪಾಗಿ ಹಿಡಿದ ಡೇಟಾವನ್ನು ಮರಳಿ ಕೊಡಬೇಕಾಗಿ ಕೋರುತ್ತೇನೆ."

ಇದನ್ನು ಬಾಯಲ್ಲಿ ಹೇಳಿ ಬಿಡಬೇಡಿ. ಇಮೇಲ್ ಮಾಡಿ, ಇಲ್ಲವೇ ಹಾಳೆಯಲ್ಲಿ ಬರೆದು ಕೊಟ್ಟು ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಅಡ್ಮಿನ್ ಕೊಡುವ ಉತ್ತರದಲ್ಲಿ ಸಾಧನದ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್‌ಗೆ ಸೇರುವಾಗ ಸಾಧನ ತೋರಿಸುವ ಗುರುತಿನ ಸಂಖ್ಯೆ, ಇರಬಹುದು. ಅದನ್ನು ನಿಮ್ಮ ಫೋನಿನ ವಿಳಾಸದ ಜೊತೆ ಹೋಲಿಸುವಾಗ ಎಚ್ಚರ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಈಚೆಗೆ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಬದಲಿ ಮ್ಯಾಕ್ ವಿಳಾಸ ತೋರಿಸುತ್ತವೆ. ಅಬೌಟ್ ಫೋನ್ ಪುಟದಲ್ಲಿರುವ ವಿಳಾಸ ನೋಡಿ "ಇದು ನನ್ನದಲ್ಲ" ಅನ್ನಬೇಡಿ. ಕಾಲೇಜು ವೈಫೈನ ವಿವರದ ಪುಟ ತೆರೆದು ಅಲ್ಲಿರುವ ವಿಳಾಸದ ಜೊತೆ ಹೋಲಿಸಿ. ಅಲ್ಲೂ ಹೊಂದದಿದ್ದರೆ ನಿಮ್ಮ ಐಡಿಯನ್ನು ಬೇರೆಯವರು ಬಳಸಿರಬಹುದು. ಅವತ್ತೇ ಪಾಸ್‌ವರ್ಡ್ ಬದಲಿಸಿ, ಪೋರ್ಟಲ್ ಅಂಕಿಯನ್ನು ಹೊಸ ಪುಟದಲ್ಲಿ ಬರೆದು ವಾರದ ಲೆಕ್ಕವನ್ನು ಮೊದಲಿಂದ ಶುರು ಮಾಡಿ.